ಕ್ಲಿಪ್ ಇಲ್ಲದ ಹೋಲ್‌ಸ್ಟರ್: ಆರಿಸುವುದು, ಪರೀಕ್ಷಿಸುವುದು, ಮೈಗೆ ಒಗ್ಗಿಸಿಕೊಳ್ಳುವುದು

ಹೋಲ್‌ಸ್ಟರ್ ಎಂದರೆ ಪಿಸ್ತೂಲನ್ನು ಮೈಮೇಲೆ ಇಟ್ಟುಕೊಳ್ಳುವ ಚೀಲ. ಮಾಮೂಲಿ ಹೋಲ್‌ಸ್ಟರ್‌ನಲ್ಲಿ ಅದನ್ನು ಬೆಲ್ಟಿಗೆ ಸಿಕ್ಕಿಸುವ ಕ್ಲಿಪ್ ಎರಡು ಕೆಲಸ ಮಾಡುತ್ತದೆ. ಹೋಲ್‌ಸ್ಟರ್ ಪ್ಯಾಂಟಿನೊಳಗೆ ಜಾರಿ ಇಳಿಯದಂತೆ ತಡೆಯುತ್ತದೆ. ಪಿಸ್ತೂಲು ಎಳೆದಾಗ ಹೋಲ್‌ಸ್ಟರ್ ಕೂಡ ಅದರ ಹಿಂದೆಯೇ ಎದ್ದು ಬರದಂತೆ ಹಿಡಿದಿಡುತ್ತದೆ. ಕ್ಲಿಪ್ ತೆಗೆದುಬಿಟ್ಟರೆ ಸೊಂಟಕ್ಕೆ ಒತ್ತುವ ಗಟ್ಟಿ ಲೋಹವೋ ಪ್ಲಾಸ್ಟಿಕ್ಕೋ ಇರುವುದಿಲ್ಲ, ಬೆಲ್ಟಿನ ಮೇಲೆ ಏನೂ ಕಾಣುವುದಿಲ್ಲ, ಹಾಕಿ ತೆಗೆಯುವುದು ಸಲೀಸು. ಆದರೆ ಆ ಎರಡು ಕೆಲಸಗಳು ಎಲ್ಲಿಗೂ ಹೋಗುವುದಿಲ್ಲ, ಅವನ್ನು ಬೇರೆ ಯಾವುದಾದರೂ ಮಾಡಲೇಬೇಕು. ಹಾಗಾಗಿ ಕ್ಲಿಪ್ ಇಲ್ಲದ ಯಾವ ಹೋಲ್‌ಸ್ಟರ್ ಕೈಗೆತ್ತಿಕೊಂಡರೂ ಕೇಳಬೇಕಾದ ಮೊದಲ ಪ್ರಶ್ನೆ: ಇಲ್ಲಿ ಕ್ಲಿಪ್‌ನ ಕೆಲಸವನ್ನು ಯಾವುದು ಮಾಡುತ್ತಿದೆ? ಉತ್ತರ ಸ್ಪಷ್ಟವಾಗಿ ಸಿಗದಿದ್ದರೆ, ಎಷ್ಟೇ ಮೆತ್ತಗಿರಲಿ, ಅದನ್ನು ವಾಪಸ್ ಇಡಿ.

ಮೈಮೇಲೆ ಮರೆಯಾಗಿ ಆಯುಧ ಒಯ್ಯಲು ಪರವಾನಗಿ ಬೇಕೇ, ಎಲ್ಲೆಲ್ಲಿ ನಿಷೇಧ, ವಾಹನದಲ್ಲಿ ಹೇಗೆ ಇಡಬೇಕು ಎಂಬುದನ್ನು ಹೋಲ್‌ಸ್ಟರ್ ಕೊಳ್ಳುವ ಮೊದಲೇ ತಿಳಿದುಕೊಂಡಿರಬೇಕು. ಅಮೆರಿಕದಲ್ಲಿ ಈ ನಿಯಮಗಳು ರಾಜ್ಯದಿಂದ ರಾಜ್ಯಕ್ಕೆ ಬದಲಾಗುತ್ತವೆ. ಒಂದು ರಾಜ್ಯದ ಪರವಾನಗಿಯನ್ನು ಪಕ್ಕದ ರಾಜ್ಯ ಒಪ್ಪಲೇಬೇಕೆಂದಿಲ್ಲ.

ನಾಲ್ಕು ಬಗೆಗಳು

ಮೊದಲನೆಯದು ಘರ್ಷಣೆಯ ಬಲದಿಂದ ನಿಲ್ಲುವ ಹೋಲ್‌ಸ್ಟರ್. ಕ್ಲಿಪ್ ಇಲ್ಲದ್ದು ಎಂದಾಗ ಹೆಚ್ಚಿನವರ ಮನಸ್ಸಿಗೆ ಬರುವುದು ಇದೇ. ಹೊರಮೈಗೆ ರಬ್ಬರಿನಂತೆ ಹಿಡಿಯುವ ಬಟ್ಟೆ (ಮುಂದೆ ಅಂಟುಮೈ ಎಂದಿರುವುದು ಇದನ್ನೇ), ನಡುವೆ ಫೋಮ್, ಒಳಗೆ ನುಣುಪಾದ ನೈಲಾನ್. ಪ್ಯಾಂಟಿನ ಸೊಂಟಪಟ್ಟಿಗೂ ಮೈಗೂ ನಡುವೆ ಸಿಕ್ಕಿಸಿ ಬೆಲ್ಟ್ ಬಿಗಿದರೆ ಹೊರಮೈ ಎರಡೂ ಕಡೆ ಕಚ್ಚಿಕೊಳ್ಳುತ್ತದೆ, ಒಳಗಿನ ನುಣುಪಿನಿಂದ ಪಿಸ್ತೂಲು ಮಾತ್ರ ಹೊರಬರುತ್ತದೆ. ಕ್ಲಿಪ್‌ನ ಕೆಲಸ ಮಾಡುತ್ತಿರುವುದು ಬೆಲ್ಟಿನ ಒತ್ತಡ. ಅಂದರೆ ಅರ್ಧ ಹೋಲ್‌ಸ್ಟರ್ ನಿಮ್ಮ ಬೆಲ್ಟೇ.

ಎರಡನೆಯದು ಜೇಬಿನ ಹೋಲ್‌ಸ್ಟರ್. ಪ್ಯಾಂಟಿನ ಮುಂದಿನ ಜೇಬಿನಲ್ಲಿ ಕೂರುತ್ತದೆ, ಅಂಟುಮೈ ಅಥವಾ ಕೊಕ್ಕೆಯಂತೆ ಚಾಚಿದ ಅಂಚು ಜೇಬಿನ ಬಟ್ಟೆಗೆ ಸಿಕ್ಕಿಕೊಂಡು ಹೋಲ್‌ಸ್ಟರನ್ನು ಒಳಗೇ ಉಳಿಸುತ್ತದೆ.

ಮೂರನೆಯದು ಹೊಟ್ಟೆಪಟ್ಟಿ: ಸುಮಾರು 10 ಸೆಂಟಿಮೀಟರ್ ಅಗಲದ ಎಲಾಸ್ಟಿಕ್ ಪಟ್ಟಿ, ಅದಕ್ಕೆ ಹೊಲಿದ ಚೀಲ. ಬೆಲ್ಟೇ ಬೇಡ.

ನಾಲ್ಕನೆಯದು ಚಾಸಿ ಎಂದು ಕರೆಯುವ ವ್ಯವಸ್ಥೆ. ಕೈಡೆಕ್ಸ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಹೋಲ್‌ಸ್ಟರನ್ನು ಪ್ಯಾಂಟಿಗೆ ಸಂಬಂಧವಿಲ್ಲದ ತನ್ನದೇ ತೆಳು ಪಟ್ಟಿಗೆ ಜೋಡಿಸಿರುತ್ತಾರೆ, ಕೆಲವದರಲ್ಲಿ ಹೋಲ್‌ಸ್ಟರ್ ಮೇಲಕ್ಕೆ ಏಳದಂತೆ ತೊಡೆಗೊಂದು ಪಟ್ಟಿಯೂ ಇರುತ್ತದೆ. ನಾಲ್ಕರಲ್ಲಿ ಹೊಂದಿಸಿಕೊಳ್ಳಲು ಹೆಚ್ಚು ಸಮಯ ತಿನ್ನುವುದು ಇದು, ಒಮ್ಮೆ ಹೊಂದಿದ ಮೇಲೆ ಹೆಚ್ಚು ಭರವಸೆಯದ್ದೂ ಇದೇ. ಬೆಲ್ಟ್ ಹಾಕದ ಉಡುಪಿನಲ್ಲಿ ಪೂರ್ಣ ಗಾತ್ರದ ಪಿಸ್ತೂಲು ಒಯ್ಯಬೇಕಾದವರು ಮಿಕ್ಕ ಮೂರನ್ನು ಪಕ್ಕಕ್ಕಿಟ್ಟು ನೇರ ಇದನ್ನು ನೋಡುವುದು ಒಳ್ಳೆಯದು.

ಹಂತ 1: ಪಿಸ್ತೂಲಿನಿಂದ ಶುರುಮಾಡಿ

ಹೋಲ್‌ಸ್ಟರ್ ಆರಿಸುವ ಮೊದಲು ಮೂರು ಸಂಗತಿ ಬರೆದಿಟ್ಟುಕೊಳ್ಳಿ: ಗುಂಡು ತುಂಬಿದಾಗಿನ ತೂಕ, ನಳಿಗೆಯ ಉದ್ದ, ಟ್ರಿಗರ್‌ನ ಬಗೆ.

ತೂಕ ಯಾಕೆಂದರೆ ಘರ್ಷಣೆಗೆ ಒಂದು ಮಿತಿಯಿದೆ. ರೂಗರ್ ಎಲ್‌ಸಿಪಿಯಂಥ ಪುಟ್ಟ ಪಿಸ್ತೂಲು ಖಾಲಿಯಿದ್ದಾಗ 270 ಗ್ರಾಂ ಆಸುಪಾಸು. ಜೇಬಿಗೂ ಸೈ, ದಾರ ಕಟ್ಟುವ ಚಡ್ಡಿಗೂ ಸೈ. ಸ್ಮಿತ್ ಅಂಡ್ ವೆಸನ್ 642 ರಿವಾಲ್ವರ್ 400 ಗ್ರಾಂ ಸುಮಾರು. ಗ್ಲಾಕ್ 19 ತುಂಬಿದಾಗ 850 ಗ್ರಾಂ ತೂಗುತ್ತದೆ. ಅದನ್ನು ಅಂಟುಮೈಯ ಹೋಲ್‌ಸ್ಟರ್‌ನಲ್ಲಿ ಇಡಬಹುದು, ಆದರೆ ಗಟ್ಟಿ ಬೆಲ್ಟ್ ಇದ್ದರೆ ಮಾತ್ರ. ಎಲಾಸ್ಟಿಕ್ ಸೊಂಟದ ಪ್ಯಾಂಟಿನಲ್ಲಿ ಅಷ್ಟು ಭಾರ ಇಟ್ಟು ಮೆಟ್ಟಿಲಿಳಿದರೆ ಪ್ಯಾಂಟೇ ಇಳಿಯುತ್ತದೆ.

ಟ್ರಿಗರ್ ವಿಚಾರ ಇದಕ್ಕಿಂತ ದೊಡ್ಡದು. 642ರಂಥ ಡಬಲ್ ಆ್ಯಕ್ಷನ್ (ಟ್ರಿಗರ್‌ನ ಒಂದೇ ಎಳೆತ ಸುತ್ತಿಗೆಯನ್ನು ಹಿಂದಕ್ಕೆಳೆದು ಬಿಡುವ) ರಿವಾಲ್ವರ್‌ನ ಟ್ರಿಗರ್ ಎಳೆಯಲು ಐದು ಕಿಲೋಗೂ ಮಿಕ್ಕಿದ ಬಲ ಬೇಕು, ಟ್ರಿಗರ್ ಬಹುದೂರ ಸಾಗಲೂ ಬೇಕು. ಸ್ಟ್ರೈಕರ್ ಬಗೆಯ (ಸುತ್ತಿಗೆಯ ಬದಲು ಒಳಗಿನ ಸ್ಪ್ರಿಂಗಿನ ಸೂಜಿ ಗುಂಡಿಗೆ ಬಡಿಯುವ) ಪಿಸ್ತೂಲುಗಳಿಗೆ ಎರಡೂವರೆ ಕಿಲೋ ಆಸುಪಾಸು ಸಾಕು, ಸಾಗುವ ದೂರವೂ ಕಡಿಮೆ. ಮೆತ್ತನೆಯ ಹೋಲ್‌ಸ್ಟರ್‌ನ ಸಣ್ಣಪುಟ್ಟ ಕೊರತೆಯನ್ನು ರಿವಾಲ್ವರ್ ಸಹಿಸಿಕೊಂಡೀತು. ಕೈಯಾರೆ ಹಾಕುವ ಸೇಫ್ಟಿ ಇಲ್ಲದ ಸ್ಟ್ರೈಕರ್ ಪಿಸ್ತೂಲು ಸಹಿಸುವುದಿಲ್ಲ. ಅಂಥದ್ದಕ್ಕೆ ಟ್ರಿಗರ್ ಭಾಗದಲ್ಲಿ ಗಟ್ಟಿ ಕವಚವಿರುವ ಹೋಲ್‌ಸ್ಟರೇ ಬೇಕು ಎನ್ನುವುದು ನಮ್ಮ ಖಚಿತ ನಿಲುವು. ಹೊಟ್ಟೆಯ ಮುಂಭಾಗದಲ್ಲಿ ಒಯ್ಯುವವರಿಗಂತೂ ಇದರಲ್ಲಿ ರಿಯಾಯಿತಿಯೇ ಇಲ್ಲ: ಅಲ್ಲಿ ನಳಿಗೆಯ ಬಾಯಿ ಕೂತಾಗ ತೊಡೆಸಂದಿಯ ಕಡೆಗೆ ಇರುತ್ತದೆ, ತೊಡೆಯ ಮುಖ್ಯ ಅಪಧಮನಿ ಹಾದುಹೋಗುವುದೂ ಅಲ್ಲೇ.

ಪಿಸ್ತೂಲಿನ ಕೆಳಗೆ ಲೈಟು ಅಥವಾ ಲೇಸರ್ ಜೋಡಿಸಿದ್ದರೆ ಅದೇ ಲೈಟಿಗೆಂದು ಮಾಡಿದ ಹೋಲ್‌ಸ್ಟರ್ ಹುಡುಕಿ. ಲೈಟು ಒಳಗೆ ಹೋಗುವಷ್ಟು ಹೋಲ್‌ಸ್ಟರ್‌ನ ಬಾಯಿ ಅಗಲವಾದಾಗ ಟ್ರಿಗರ್ ಗಾರ್ಡ್‌ನ (ಟ್ರಿಗರ್ ಸುತ್ತಲಿನ ಬಳೆ) ಅಕ್ಕಪಕ್ಕ ಸಂದು ಉಳಿಯುತ್ತದೆ. ಆ ಸಂದಿನಲ್ಲಿ ಬೆರಳು ತೂರಿದರೆ ಅಂಗಿಯ ತುದಿಯೂ ತೂರುತ್ತದೆ, ಜಾಕೆಟ್ಟಿನ ದಾರದ ತುದಿಯಲ್ಲಿರುವ ಪ್ಲಾಸ್ಟಿಕ್ ಗುಂಡಿಯೂ ತೂರುತ್ತದೆ.

ಹಂತ 2: ಗಾತ್ರ

ಅಂಟುಮೈಯ ಹೋಲ್‌ಸ್ಟರುಗಳನ್ನು ಸಾಮಾನ್ಯವಾಗಿ ಒಂದೊಂದು ಪಿಸ್ತೂಲಿಗೆಂದೇ ಮಾಡುವುದಿಲ್ಲ, ಗಾತ್ರದ ಗುಂಪಿಗೆ ಮಾಡುತ್ತಾರೆ. ತಯಾರಕರ ಪಟ್ಟಿಯಲ್ಲಿ ನಿಮ್ಮ ಮಾದರಿ ಎರಡು ಗಾತ್ರಗಳಿಗೂ ಹೊಂದುತ್ತದೆ ಎಂದಿದ್ದರೆ ಚಿಕ್ಕದನ್ನೇ ಆರಿಸಿ. ದೊಡ್ಡದರಲ್ಲಿ ಪಿಸ್ತೂಲು ಒಳಗೊಳಗೇ ತಿರುಗುತ್ತದೆ, ಒಂದೊಂದು ಸಲ ಕೈ ಹಾಕಿದಾಗ ಹಿಡಿ ಒಂದೊಂದು ಕೋನದಲ್ಲಿ ಸಿಗುತ್ತದೆ. ತೀರಾ ಚಿಕ್ಕದಾದರೆ ಟ್ರಿಗರ್ ಗಾರ್ಡ್‌ನ ಹಿಂಬದಿ ಹೊರಗೆ ಇಣುಕುತ್ತದೆ, ಅದು ಆಗಲೇಬಾರದು. ಹೋಲ್‌ಸ್ಟರ್‌ನ ಮೇಲಂಚು ಟ್ರಿಗರ್ ಗಾರ್ಡ್ ಪೂರ್ತಿ ಮುಚ್ಚಬೇಕು, ಆದರೆ ನಿಮ್ಮ ಮೂರು ಬೆರಳು ಹಿಡಿಯ ಸುತ್ತ ಪೂರ್ಣ ಬಳಸುವುದಕ್ಕೆ ಅಡ್ಡ ಬರಬಾರದು.

ಮರೆಮಾಚುವ ವಿಷಯದಲ್ಲಿ ಹಲವರು ತಪ್ಪುವುದು ಇಲ್ಲೇ: ನಳಿಗೆ ಗಿಡ್ಡವಿದ್ದಷ್ಟೂ ಒಳ್ಳೆಯದೆಂದು ಭಾವಿಸುತ್ತಾರೆ. ಬಟ್ಟೆಯ ಮೇಲೆ ಎದ್ದು ಕಾಣುವುದು ಹಿಡಿ, ನಳಿಗೆಯಲ್ಲ. ಬೆಲ್ಟಿನ ಕೆಳಗೆ ಉದ್ದ ಹೆಚ್ಚಿದ್ದಷ್ಟೂ ಆ ಭಾಗ ಮೈಗೆ ಒತ್ತಿಕೊಂಡು ಮೇಲಿನ ಹಿಡಿಯನ್ನು ಒಳಕ್ಕೆ ವಾಲಿಸುತ್ತದೆ. ಗಿಡ್ಡ ನಳಿಗೆಯ ಪಿಸ್ತೂಲನ್ನು ಗಿಡ್ಡ ಹೋಲ್‌ಸ್ಟರ್‌ನಲ್ಲಿ ಇಟ್ಟರೆ ಭಾರವೆಲ್ಲ ಬೆಲ್ಟಿನ ಮೇಲೆ ಉಳಿದು ಹಿಡಿ ಹೊರಕ್ಕೆ ಬಾಗುತ್ತದೆ. ಕ್ಲಿಪ್ ಇರುವ ಹೋಲ್‌ಸ್ಟರುಗಳಲ್ಲಿ ಬೆಲ್ಟಿಗೆ ತಾಗಿ ಹಿಡಿಯನ್ನು ಒಳಕ್ಕೆ ತಿರುಗಿಸುವ ರೆಕ್ಕೆಯೊಂದನ್ನು ಜೋಡಿಸುವುದುಂಟು; ಅಂಟುಮೈಯದರಲ್ಲಿ ಆ ಅನುಕೂಲ ಇಲ್ಲ. ಹಾಗಾಗಿ ನಳಿಗೆಗಿಂತ ಎರಡು ಮೂರು ಸೆಂಟಿಮೀಟರ್ ಉದ್ದದ ಹೋಲ್‌ಸ್ಟರ್ ತೆಗೆದುಕೊಳ್ಳಿ, ಬೇಕಾದರೆ ಕೆಳತುದಿಯಲ್ಲಿ ಮೈಕಡೆಗೆ ಒಂದು ಫೋಮ್ ತುಂಡು ಅಂಟಿಸಿ. ನಳಿಗೆಯ ತುದಿ ತೊಡೆಸಂದಿಗೆ ಚುಚ್ಚುವುದೂ ಇದರಿಂದ ನಿಲ್ಲುತ್ತದೆ.

ಹಂತ 3: ಖಾಲಿ ಪಿಸ್ತೂಲಿನಿಂದ ಕವಚದ ಪರೀಕ್ಷೆ

ಈ ಹಂತದಿಂದ ಮುಂದಿನದೆಲ್ಲ ಖಾಲಿ ಪಿಸ್ತೂಲಿನಿಂದಲೇ. ಮೊದಲು ಮ್ಯಾಗಜೀನ್ (ಹಿಡಿಯೊಳಗಿನ ಗುಂಡಿನ ಪೆಟ್ಟಿಗೆ) ತೆಗೆಯಿರಿ, ಆಮೇಲೆ ಸ್ಲೈಡ್ (ಪಿಸ್ತೂಲಿನ ಮೇಲಿನ ಜಾರುವ ಭಾಗ) ಹಿಂದಕ್ಕೆ ಎಳೆಯಿರಿ. ಈ ಕ್ರಮ ತಿರುವುಮುರುವಾದರೆ ಎಳೆದ ಸ್ಲೈಡ್ ಮ್ಯಾಗಜೀನಿನಿಂದ ಹೊಸ ಗುಂಡನ್ನು ಚೇಂಬರಿಗೆ, ಅಂದರೆ ಹಾರಲಿರುವ ಗುಂಡು ಕೂರುವ ಜಾಗಕ್ಕೆ, ತುಂಬುತ್ತದೆ, ಖಾಲಿ ಮಾಡಿದೆನೆಂಬ ನಂಬಿಕೆ ಮಾತ್ರ ಉಳಿಯುತ್ತದೆ. ಸ್ಲೈಡನ್ನು ತೆರೆದೇ ಇಟ್ಟು ಚೇಂಬರನ್ನು ಕಣ್ಣಿನಿಂದ ನೋಡಿ, ಕಿರುಬೆರಳು ಹಾಕಿ ಮುಟ್ಟಿ. ರಿವಾಲ್ವರ್ ಆದರೆ ಸಿಲಿಂಡರ್ ತೆರೆದು ಪ್ರತಿಯೊಂದು ರಂಧ್ರವನ್ನೂ ಎಣಿಸಿ. ಗುಂಡುಗಳನ್ನು ಬೇರೆ ಕೋಣೆಯಲ್ಲಿ ಇಡಿ. ತೂಕ ಬೇಕೆನಿಸಿದರೆ ಡಮ್ಮಿ (ಮದ್ದಿಲ್ಲದ ನಕಲಿ) ಗುಂಡು ಬಳಸಿ.

ಈಗ ಸ್ಲೈಡನ್ನು ಒಮ್ಮೆ ಎಳೆದು ಬಿಟ್ಟು ಟ್ರಿಗರ್ ಮುಂದಕ್ಕೆ ಬಂದಿದೆಯೆಂದು ಖಚಿತಪಡಿಸಿಕೊಂಡು, ಪಿಸ್ತೂಲನ್ನು ಹೋಲ್‌ಸ್ಟರ್‌ಗೆ ಇಳಿಸಿ. ನಳಿಗೆಯನ್ನು ಸುರಕ್ಷಿತ ದಿಕ್ಕಿಗೆ ಹಿಡಿದು, ಹೊರಗಿನಿಂದ ಟ್ರಿಗರ್ ಇರುವ ಜಾಗದ ಮೇಲೆ ಹೆಬ್ಬೆರಳಿಟ್ಟು ಬಲವಾಗಿ ಒತ್ತಿ. ಎರಡೂ ಕಡೆಯಿಂದ ಒತ್ತಿ, ಕೆಳಗಿನಿಂದ ಒತ್ತಿ, ಒತ್ತಿಕೊಂಡೇ ಹಿಂದಕ್ಕೆ ತಿರುಚಿ. ಟಿಕ್ ಎಂಬ ಸದ್ದು ಕೇಳಿಸಿದರೆ ಪರೀಕ್ಷೆ ಅಲ್ಲಿಗೇ ಮುಗಿಯಿತು: ಆ ಹೋಲ್‌ಸ್ಟರ್ ನಿಮಗಲ್ಲ. ಸದ್ದು ಬರದಿದ್ದರೂ ಟ್ರಿಗರ್ ಬೆರಳಿಗೆ ಸಿಗುತ್ತಿದೆ, ಅಲುಗಾಡುತ್ತಿದೆ ಎನಿಸಿದರೂ ಬೇಡ. ಡಬಲ್ ಆ್ಯಕ್ಷನ್ ರಿವಾಲ್ವರ್‌ನಲ್ಲಿ ಒತ್ತಿದಾಗ ಸಿಲಿಂಡರ್ ತಿರುಗಲು ಶುರುವಾಯಿತೇ ಎಂದು ನೋಡಿ.

ಈ ಪರೀಕ್ಷೆಯಲ್ಲಿ ಬರಿ ಎಲಾಸ್ಟಿಕ್ ಹೊಟ್ಟೆಪಟ್ಟಿಗಳು ಸೋಲುವುದೇ ಹೆಚ್ಚು. ಪಟ್ಟಿಗೆ ಗಟ್ಟಿ ಪ್ಲಾಸ್ಟಿಕ್ ಕವಚ ಹೊಲಿದಿರುವುದು ಗೆಲ್ಲುತ್ತದೆ. ಟ್ರಿಗರ್ ಗಾರ್ಡಿಗೆ ಮಾತ್ರ ಸಿಕ್ಕುವ ಚಿಕ್ಕ ಕೈಡೆಕ್ಸ್ ಕವಚ ಕೊಂಡು ಅದನ್ನು ಮೆತ್ತನೆಯ ಪಟ್ಟಿಯೊಳಗೆ ಹಾಕುವವರೂ ಇದ್ದಾರೆ. ಕವಚ ತಾನಾಗಿ ಕಳಚಿಕೊಳ್ಳದಂತಿದ್ದು, ಎಳೆದಾಗ ಪಟ್ಟಿಯಲ್ಲೇ ಉಳಿಯುವಂತೆ ದಾರದಿಂದ ಕಟ್ಟಿದ್ದರೆ ಅದು ಒಪ್ಪಬಹುದಾದ ಏರ್ಪಾಡು.

ಕೈಡೆಕ್ಸ್ ಹಾಳೆ 1.5ರಿಂದ 2 ಮಿಲಿಮೀಟರ್ ದಪ್ಪವಿದ್ದರೆ ಸಾಕು. ತೊಗಲಿನ ದಪ್ಪವನ್ನು ಔನ್ಸಿನಲ್ಲಿ ಹೇಳುತ್ತಾರೆ, ಒಂದು ಔನ್ಸ್ ಎಂದರೆ ಸುಮಾರು 0.4 ಮಿಲಿಮೀಟರ್, ಏಳೆಂಟು ಔನ್ಸಿನದು ಆಕಾರ ಹಿಡಿದುಕೊಳ್ಳುತ್ತದೆ. ತೊಗಲು ಹಳತಾಗಿ ಮೆತ್ತಗಾದಾಗ ಬಾಯಿಯ ಬಳಿ ಮಡಿಕೆ ಬಿದ್ದು, ಪಿಸ್ತೂಲು ಒಳಗಿಳಿಸುವಾಗ ಆ ಮಡಿಕೆಯೇ ಟ್ರಿಗರ್ ಒತ್ತಿ ಗುಂಡು ಹಾರಿದ ಪ್ರಸಂಗಗಳಿವೆ. ಬಾಯಿ ಜೋತುಬಿದ್ದ ತೊಗಲನ್ನು ಮಮಕಾರದಿಂದ ಇಟ್ಟುಕೊಳ್ಳಬೇಡಿ.

ಹಂತ 4: ಬೆಲ್ಟ್, ಸೊಂಟಪಟ್ಟಿ, ಒಳಅಂಗಿ

ಪ್ಯಾಂಟಿನೊಳಗೆ ಇಡುವುದಾದರೆ ಸೊಂಟದಲ್ಲಿ ಒಂದೆರಡು ಇಂಚು ಹೆಚ್ಚು ಜಾಗ ಬೇಕು. ಸರಿಯಳತೆಯ ಪ್ಯಾಂಟಿನೊಳಗೆ ತುರುಕಿದರೆ ಯಾವ ಹೋಲ್‌ಸ್ಟರೂ ಹಿತವೆನಿಸದು. ಆಗ ಬೈಗುಳ ತಿನ್ನುವುದು ಪಾಪ ಹೋಲ್‌ಸ್ಟರ್. ಬೆಲ್ಟ್ ಅಡ್ಡಕ್ಕೆ ಬಳುಕಬಾರದು: ಎರಡೂ ಅಂಚು ಹಿಡಿದು ತಿರುಚಿದರೆ ಪ್ರತಿರೋಧಿಸಬೇಕು. ರಂಧ್ರಗಳ ಬೆಲ್ಟಿಗಿಂತ ಸಣ್ಣ ಸಣ್ಣ ಅಂತರದಲ್ಲಿ ಬಿಗಿಯಬಹುದಾದ ಬೆಲ್ಟ್ ಇಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ರಂಧ್ರದಿಂದ ರಂಧ್ರಕ್ಕೆ ಎರಡೂವರೆ ಸೆಂಟಿಮೀಟರ್ ಅಂತರ. ಒಂದು ರಂಧ್ರ ಸಡಿಲ, ಮುಂದಿನದು ಉಸಿರುಗಟ್ಟುವಷ್ಟು ಬಿಗಿ. ಕೂತಾಗ ಹೊಟ್ಟೆ ಹಿಗ್ಗಿ ಬೆಲ್ಟ್ ಬಿಗಿಯುತ್ತದೆ, ನಿಂತಾಗ ಸಡಿಲವಾಗುತ್ತದೆ. ಹೋಲ್‌ಸ್ಟರ್ ಜಾರುವುದು ಆ ನಿಂತ ಹೊತ್ತಿನಲ್ಲಿ, ಹಾಗಾಗಿ ನಿಂತೇ ಬಿಗಿಯಿರಿ.

ಮೈಗೂ ಹೋಲ್‌ಸ್ಟರ್‌ಗೂ ನಡುವೆ ಹತ್ತಿಯ ಒಳಅಂಗಿ ಇರಲಿ. ನುಣುಪಾದ ಸಿಂಥೆಟಿಕ್ ಬನಿಯನ್ನಿನ ಮೇಲೆ ಅಂಟುಮೈಗೆ ಹಿಡಿತ ಸಿಗುವುದಿಲ್ಲ. ಬರಿಮೈಗೆ ತಾಗಿಸಿದರೆ ಮೊದಲು ಚೆನ್ನಾಗಿಯೇ ಕಚ್ಚುತ್ತದೆ, ಬೆವರು ಒಡೆದ ಮೇಲೆ ಜಾರುತ್ತದೆ, ಚರ್ಮವೂ ಉಜ್ಜಿ ಕೆಂಪಾಗುತ್ತದೆ.

ಹಂತ 5: ಜಾಗ ಮತ್ತು ಎತ್ತರ

ಹೊಕ್ಕುಳನ್ನು ಗಡಿಯಾರದ 12 ಎಂದಿಟ್ಟುಕೊಂಡರೆ ಬಲಗೈಯವರಿಗೆ 1 ಗಂಟೆ ಹೊಟ್ಟೆಯ ಮುಂಭಾಗ, 3 ಸೊಂಟದ ಪಕ್ಕ, 4ರಿಂದ 5 ಹಿಂಬದಿಯ ಪಕ್ಕ. ಬಹುಪಾಲು ನೋವು ಬರುವುದು ಹೋಲ್‌ಸ್ಟರ್ ಸೊಂಟದ ಮೂಳೆಯ ಮುಂಚಾಚಿನ ಮೇಲೆಯೇ ಕೂತಾಗ. ಒಂದು ಸೆಂಟಿಮೀಟರ್ ಆಚೀಚೆ ಸರಿಸಿದರೆ ಸಾಕು, ನೋವು ಹೋಗುತ್ತದೆ. ಕ್ಲಿಪ್ ಇಲ್ಲದ್ದರ ನಿಜವಾದ ಲಾಭ ಇದು: ಬೆಲ್ಟಿನ ಲೂಪು ಎಲ್ಲಿದೆ ಎಂಬ ಗೊಡವೆಯಿಲ್ಲದೆ ಬೇಕಾದಲ್ಲಿ ಇಡಬಹುದು, ಬೇಕಾದಷ್ಟು ವಾಲಿಸಬಹುದು. ಪಕ್ಕದಲ್ಲಿ ಇಡುವವರಿಗೆ ಹಿಡಿ ಮುಂದಕ್ಕೆ 15 ಡಿಗ್ರಿಯಷ್ಟು ವಾಲಿದರೆ ಬಟ್ಟೆಯಡಿ ಕಾಣುವುದು ಕಡಿಮೆ. ಮುಂಭಾಗದಲ್ಲಿ ನೆಟ್ಟಗಿದ್ದರೇ ಒಳ್ಳೆಯದು. ಅದರ ಇನ್ನೊಂದು ಮುಖ, ಪ್ರತಿದಿನ ನೀವೇ ಅದೇ ಜಾಗ ಹುಡುಕಿ ಇಡಬೇಕು. ಬೆಲ್ಟಿನ ಒಳಮೈಯಲ್ಲಿ ಒಂದು ಗುರುತು ಹಾಕಿಕೊಂಡರೆ ಕೈ ದಿನವೂ ಒಂದೇ ಕಡೆ ಹೋಗುತ್ತದೆ.

ಜಾರುತ್ತದೆಯೇ ಎಂದು ಅಂದಾಜಿಸಬೇಡಿ, ಅಳೆಯಿರಿ. ಹೋಲ್‌ಸ್ಟರ್ ಮೇಲೆ ಬೆಲ್ಟಿನ ಮೇಲಂಚು ಬರುವ ಸಾಲಿಗೆ ತೆಳು ಟೇಪು ಅಂಟಿಸಿ. ಒಂದು ಗಂಟೆ ಮನೆಯೊಳಗೆ ಓಡಾಡಿ, ಮೆಟ್ಟಿಲು ಹತ್ತಿಳಿಯಿರಿ, ಕೂತು ಏಳಿ, ನೆಲದಿಂದ ಏನಾದರೂ ಹೆಕ್ಕಿ. ಟೇಪು ಒಂದು ಸೆಂಟಿಮೀಟರ್‌ಗಿಂತ ಹೆಚ್ಚು ಸರಿದಿದ್ದರೆ ಬೆಲ್ಟ್ ಬಿಗಿ ಸಾಲದು, ಇಲ್ಲವೇ ಪಿಸ್ತೂಲು ಆ ಬಗೆಗೆ ಭಾರ. ಮೇಲಕ್ಕೆ ಸರಿದಿದ್ದರೆ ಕೂತಾಗ ತೊಡೆ ಕೆಳತುದಿಯನ್ನು ತಳ್ಳುತ್ತಿದೆ. ಜಾಗವನ್ನು ಸ್ವಲ್ಪ ಪಕ್ಕಕ್ಕೆ ಬದಲಿಸಿ.

ಹಂತ 6: ಎಳೆಯುವ ಪರೀಕ್ಷೆ

ಅಂಟುಮೈಯ ಹೋಲ್‌ಸ್ಟರನ್ನು ಕೈಯಲ್ಲಿ ತಲೆಕೆಳಗಾಗಿ ಹಿಡಿದರೆ ಪಿಸ್ತೂಲು ಬಿದ್ದುಹೋಗಬಹುದು. ಅದು ದೋಷವಲ್ಲ, ಬೆಲ್ಟಿನ ಒತ್ತಡವಿಲ್ಲದೆ ಅದಕ್ಕೆ ಹಿಡಿತವೇ ಇಲ್ಲ. ಕೈಡೆಕ್ಸ್ ಕವಚದ ಹೋಲ್‌ಸ್ಟರ್ ಹಾಗೆ ಬೀಳಿಸಿದರೆ ಮಾತ್ರ ದೋಷ, ಅದನ್ನು ಹಾಸಿಗೆಯ ಮೇಲೆ ತಲೆಕೆಳಗಾಗಿ ಕೊಡವಿ ನೋಡಬಹುದು.

ಮೈಮೇಲೆ ಧರಿಸಿ, ಖಾಲಿ ಪಿಸ್ತೂಲಿನಿಂದ:

1. ಎಡಗೈಯಿಂದ ಅಂಗಿಯನ್ನು ಎದೆಯವರೆಗೆ ಎತ್ತಿ ಹಿಡಿಯಿರಿ.
2. ಬಲಗೈಯ ಹಿಡಿತ ಹೋಲ್‌ಸ್ಟರ್‌ನಲ್ಲಿದ್ದಾಗಲೇ ಪೂರ್ಣವಾಗಬೇಕು. ಎಳೆದ ಮೇಲೆ ಸರಿಪಡಿಸಿಕೊಳ್ಳುವಂತಿರಬಾರದು.
3. ತೋರುಬೆರಳು ಟ್ರಿಗರ್‌ನಿಂದ ಹೊರಗೆ, ಚೌಕಟ್ಟಿನ ಮೇಲೆ ಚಾಚಿರಲಿ.
4. ನೇರ ಮೇಲಕ್ಕೆ ಎಳೆಯಿರಿ. ನಳಿಗೆ ಪೂರ್ತಿ ಹೊರಬಂದ ಮೇಲಷ್ಟೇ ಮುಂದಕ್ಕೆ ತಿರುಗಿಸಿ.

ಇಪ್ಪತ್ತು ಸಲ ನಿಂತು, ಹತ್ತು ಸಲ ಕೂತು ಮಾಡಿ. ಒಂದೇ ಒಂದು ಸಲ ಹೋಲ್‌ಸ್ಟರ್ ಪಿಸ್ತೂಲಿನ ಜೊತೆ ಎದ್ದುಬಂದರೂ ಅದನ್ನು ಸೋಲೆಂದೇ ಎಣಿಸಿ ಕಾರಣ ಹುಡುಕಿ. ಕಾರಣ ಸಾಮಾನ್ಯವಾಗಿ ಇವುಗಳಲ್ಲೊಂದು: ಬೆಲ್ಟ್ ಸಡಿಲ, ಒಳಅಂಗಿ ನುಣುಪು, ಹೊರಮೈಗೆ ಧೂಳು, ನೂಲಿನ ಎಳೆ ಅಂಟಿ ಹಿಡಿತ ಹೋಗಿದೆ, ಹೊಸ ಹೋಲ್‌ಸ್ಟರ್ ಪಿಸ್ತೂಲಿಗೆ ಇನ್ನೂ ಒಗ್ಗಿಲ್ಲ. ಕೊನೆಯದಕ್ಕೆ ಖಾಲಿ ಪಿಸ್ತೂಲನ್ನು ಅದರಲ್ಲಿಟ್ಟು ರಾತ್ರಿಯಿಡೀ ಬಿಗಿಯಾಗಿ ಸುತ್ತಿಡಿ. ಫೋಮ್ ಆಕಾರಕ್ಕೆ ಬರುತ್ತದೆ.

ಜೇಬಿನದಾದರೆ ಎಳೆಯುವಾಗ ಹೋಲ್‌ಸ್ಟರ್‌ನ ಕೊಕ್ಕೆ ಜೇಬಿನ ಬಾಯಿಯ ಹಿಂದಿನ ಅಂಚಿಗೆ ಸಿಕ್ಕುವಂತೆ ಕೈಯನ್ನು ತುಸು ಹಿಂದಕ್ಕೆ ತಂದು ಮೇಲೆತ್ತಿ. ಆ ಜೇಬಿನಲ್ಲಿ ಬೇರೇನೂ ಇರಕೂಡದು. ಬೀಗದ ಕೈಯಾಗಲಿ ನಾಣ್ಯವಾಗಲಿ ಟ್ರಿಗರ್ ಗಾರ್ಡಿನೊಳಗೆ ಸೇರಬಲ್ಲದು. ಜೇಬಿನ ಬಾಯಿಯಲ್ಲಿ ಪಿಸ್ತೂಲು ಹಿಡಿದ ಮುಷ್ಟಿ ಸಲೀಸಾಗಿ ಬರುತ್ತದೆಯೇ ಎಂಬುದನ್ನು ಕೊಳ್ಳುವ ಮೊದಲೇ ನೋಡಿಕೊಳ್ಳಿ. ಕೂತಾಗ ಜೇಬಿನಿಂದ ಎಳೆಯುವುದು ಬಹುತೇಕ ಆಗದ ಮಾತು. ದಿನವಿಡೀ ಕಾರು ಓಡಿಸುವವರಿಗೆ ಇದು ಸರಿಬರುವುದಿಲ್ಲ.

ಹಂತ 7: ವಾಪಸ್ ಇಡುವ ಕ್ರಮ

ಪಿಸ್ತೂಲು ಹೊರಬಂದ ಕೂಡಲೇ ಮೆತ್ತನೆಯ ಹೋಲ್‌ಸ್ಟರ್‌ನ ಬಾಯಿ ಬೆಲ್ಟಿನ ಒತ್ತಡಕ್ಕೆ ಮುಚ್ಚಿಕೊಳ್ಳುತ್ತದೆ. ಅದನ್ನು ನಳಿಗೆಯಿಂದ ಕೆದಕಿ ತೆರೆಯಲು ಹೋಗಬೇಡಿ. ಹಾಗೆ ಕೆದಕುವಾಗ ನಳಿಗೆ ನಿಮ್ಮ ಹೊಟ್ಟೆಗೋ ತೊಡೆಗೋ, ಇಲ್ಲವೇ ಬಾಯಿ ಹಿಡಿದ ಎಡಗೈಗೋ ನೆಟ್ಟಿರುತ್ತದೆ. ಹೋಲ್‌ಸ್ಟರನ್ನು ಮೈಯಿಂದ ತೆಗೆಯಿರಿ, ಪಿಸ್ತೂಲನ್ನು ಸುರಕ್ಷಿತ ದಿಕ್ಕಿಗೆ ಹಿಡಿದು ಅದರೊಳಗೆ ಇಳಿಸಿ, ಟ್ರಿಗರ್ ಪೂರ್ತಿ ಮುಚ್ಚಿದೆಯೇ ನೋಡಿ, ಆಮೇಲೆ ಎರಡನ್ನೂ ಒಂದಾಗಿಯೇ ಸೊಂಟಕ್ಕೆ ಸಿಕ್ಕಿಸಿ. ಬೆಳಿಗ್ಗೆ ಧರಿಸುವಾಗಲೂ ಇದೇ ಕ್ರಮ. ಜೇಬಿನದಕ್ಕೂ ಇದೇ. ದಿನಕ್ಕೆ ಹಲವು ಸಲ ತೆಗೆದು ಇಡಬೇಕಾದ ಕೆಲಸ ನಿಮ್ಮದಾದರೆ ಬಾಯಿ ತೆರೆದೇ ನಿಲ್ಲುವ ಕೈಡೆಕ್ಸ್ ಚಾಸಿಗೆ ಹೋಗಿ.

ಶೌಚಾಲಯದ ವಿಚಾರವನ್ನು ಹೇಳಲು ಸಂಕೋಚಪಟ್ಟು ಬಿಟ್ಟುಬಿಡುವವರೇ ಹೆಚ್ಚು, ಆದರೆ ಅಂಟುಮೈಯ ಹೋಲ್‌ಸ್ಟರ್ ನೆಲಕ್ಕೆ ಬೀಳುವುದು ಅಲ್ಲೇ. ಬೆಲ್ಟ್ ಬಿಚ್ಚಿದ ಕ್ಷಣ ಅದನ್ನು ಹಿಡಿದಿರುವುದು ಏನೂ ಇರುವುದಿಲ್ಲ. ಬಕಲ್ ಮುಟ್ಟುವ ಮೊದಲೇ ಹೋಲ್‌ಸ್ಟರ್ ಸಮೇತ ಪಿಸ್ತೂಲನ್ನು ಕೈಗೆ ತೆಗೆದುಕೊಳ್ಳಿ, ಪ್ಯಾಂಟು ಇಳಿಸಿದ ಮೇಲೆ ಅದರ ನಡುಭಾಗದಲ್ಲಿ, ಎರಡು ಕಾಲುಗಳ ಮಧ್ಯೆ ಬಟ್ಟೆಯ ತೊಟ್ಟಿಲಿನಲ್ಲಿ ಇಡಿ. ಗೋಡೆಯ ಕೊಕ್ಕೆ, ಟಾಯ್ಲೆಟ್ ಕಾಗದದ ಪೆಟ್ಟಿಗೆಯ ಮೇಲ್ಭಾಗ, ಕಿಟಕಿಯ ಅಂಚು ಇವೆಲ್ಲ ಮರೆತು ಹೋಗುವ ಜಾಗಗಳು. ಪ್ಯಾಂಟಿನಲ್ಲಿ ಇಟ್ಟದ್ದನ್ನು ಮುಟ್ಟದೆ ಎದ್ದು ನಿಲ್ಲಲಾಗುವುದಿಲ್ಲ.

ಹಂತ 8: ಒಗ್ಗಿಸಿಕೊಳ್ಳುವುದು

ಮೊದಲ ದಿನ ಖಾಲಿ ಪಿಸ್ತೂಲಿನೊಂದಿಗೆ ಮನೆಯಲ್ಲೇ ಎರಡು ಗಂಟೆ, ಮರುದಿನ ನಾಲ್ಕು, ಆಮೇಲೆ ಪೂರ್ಣ ದಿನ. ಹೊಸದರಲ್ಲಿ ಒತ್ತಿದಂತಾಗುವುದು ಸಹಜ, ಮೂರು ನಾಲ್ಕು ದಿನದಲ್ಲಿ ಮೈ ಹೊಂದಿಕೊಳ್ಳುತ್ತದೆ. ಆದರೆ ತೊಡೆ ಮರಗಟ್ಟಿದರೆ, ಜುಮುಗುಟ್ಟಿದರೆ ಅದು ನರದ ಮೇಲೆ ಬೀಳುತ್ತಿರುವ ಒತ್ತಡ. ಸಹಿಸಿಕೊಂಡರೆ ಸರಿಹೋಗುವಂಥದ್ದಲ್ಲ, ಜಾಗ ಬದಲಿಸಬೇಕು.

ಹೊಟ್ಟೆಪಟ್ಟಿಯ ಅಳತೆಯನ್ನು ಪ್ಯಾಂಟಿನ ಅಳತೆಯಿಂದ ಊಹಿಸಬೇಡಿ. ಪಟ್ಟಿ ಕೂರುವ ಜಾಗದಲ್ಲೇ, ಒಳಅಂಗಿಯ ಮೇಲೆ, ಕೂತುಕೊಂಡು ಟೇಪಿನಿಂದ ಅಳೆಯಿರಿ. ನಿಂತು ಅಳೆದು ಕೊಂಡದ್ದು ಕೂತಾಗ ಸುರುಳಿಸುತ್ತಿಕೊಳ್ಳುತ್ತದೆ.

ನಿಗಾ

ಅಂಟುಮೈಯನ್ನು ಎರಡು ಮೂರು ವಾರಕ್ಕೊಮ್ಮೆ, ಬೆವರುವ ದಿನಗಳಲ್ಲಿ ಇನ್ನೂ ಬೇಗ, ಉಗುರುಬೆಚ್ಚನೆ ನೀರು ಮತ್ತು ಮೃದು ಸೋಪಿನಿಂದ ಕೈಯಲ್ಲೇ ತೊಳೆದು ನೆರಳಿನಲ್ಲಿ ಒಣಗಿಸಿ. ವಾಷಿಂಗ್ ಮಶೀನೂ ಬೇಡ, ಡ್ರೈಯರೂ ಬೇಡ. ಪೂರ್ತಿ ಒಣಗುವ ಮೊದಲು ಪಿಸ್ತೂಲು ಇಟ್ಟರೆ ತುಕ್ಕು ಹಿಡಿಯುತ್ತದೆ. ಪಿಸ್ತೂಲಿಗೆ ಎಣ್ಣೆ ಹೆಚ್ಚು ಬಳಿದರೂ ತೊಂದರೆ: ಅದು ಒಳಪದರಕ್ಕೆ ಇಳಿದು ಧೂಳು ಕಟ್ಟಿಕೊಳ್ಳುತ್ತದೆ. ಕೈಡೆಕ್ಸನ್ನು ಬಿಸಿಲಲ್ಲಿ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ, ಶಾಖಕ್ಕೆ ಆಕಾರ ಕೆಟ್ಟು ಹಿಡಿತ ಹೋಗುತ್ತದೆ. ಸ್ಕ್ರೂಗಳನ್ನು ತಿಂಗಳಿಗೊಮ್ಮೆ ಬಿಗಿದಿವೆಯೇ ನೋಡಿ.

ಬಾಯಿಯ ಅಂಚಿನ ಹೊಲಿಗೆ ಬಿಟ್ಟಿದ್ದರೆ, ಎಲಾಸ್ಟಿಕ್ ಎಳೆದು ಬಿಟ್ಟಾಗ ಮೊದಲಿನ ಅಳತೆಗೆ ಮರಳದಿದ್ದರೆ, ತೊಳೆದರೂ ಹೊರಮೈಯ ಅಂಟು ಬಾರದಿದ್ದರೆ ಅದನ್ನು ಬದಲಿಸಿ. ತಿಂಗಳಿಗೊಮ್ಮೆ ಪಿಸ್ತೂಲು ಖಾಲಿ ಮಾಡಿ ಮೂರನೇ ಹಂತದ ಹೆಬ್ಬೆರಳ ಪರೀಕ್ಷೆಯನ್ನು ಮತ್ತೆ ಮಾಡಿ: ಹೊಸದಿದ್ದಾಗ ಗೆದ್ದ ಫೋಮ್ ವರ್ಷದ ಬಳಕೆಯಲ್ಲಿ ತೆಳುವಾಗಿ ಸೋಲಬಹುದು.